ಪುಟ್ಟಿ, ಸ್ಕ್ಯಾನ್ ಸೆಂಟರಿಗೆ ಮುಂಗಡ ಕಟ್ಟಬೇಡ

ಪುಟ್ಟಿ, ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನೀನು ಹಾಕಿದ ಮೆಸೇಜು ರಾತ್ರಿಯೇ ನೋಡಿದೆ. ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡಿದ್ದೆ, ಟೈಪ್ ಮಾಡಲು ಆಗಲಿಲ್ಲ. ಅದಕ್ಕೇ ಈಗ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಎಲ್ಲರೂ ಕೇಳಿ, ಅರ್ಧಕ್ಕೇ ನಿಲ್ಲಿಸಬೇಡಿ.

ನೀನು ಕೇಳಿದ್ದು ಇಷ್ಟು. ಒಲೆ ಮೇಲೆ ಹಾಲಿಟ್ಟು ಮರೆತೆ. ಆಫೀಸಿನಲ್ಲಿ ದಿನಾ ಜೊತೆಗೆ ಕೂರುವವರ ಹೆಸರೇ ಬಾಯಿಗೆ ಬರಲಿಲ್ಲ. ಅಮ್ಮನಿಗೆ ಬಂದದ್ದು ನನಗೂ ಬರುತ್ತಾ ಅಂತ ಭಯ. ಮೆದುಳಿನ ಪೆಟ್ ಸ್ಕ್ಯಾನ್ ಮಾಡಿಸಿದರೆ ಆಲ್ಝೈಮರ್ ಅನ್ನುವ ಮರೆವಿನ ರೋಗ ಬರುವುದು ಎಷ್ಟೋ ವರ್ಷ ಮೊದಲೇ ಗೊತ್ತಾಗುತ್ತದಂತೆ, ಒಂದು ಸೆಂಟರಿನವರು ಪ್ಯಾಕೇಜ್ ಕೊಡುತ್ತಿದ್ದಾರೆ, ಶನಿವಾರದೊಳಗೆ ಮುಂಗಡ ಕಟ್ಟಬೇಕು, ಮಾಡಿಸಲಾ ಮಾವ ಅಂತ. ಅಲ್ವಾ?

ಬೇಡ. ಡಾಕ್ಟರು ನಿನ್ನನ್ನು ಕೂರಿಸಿಕೊಂಡು, ಮಾತಾಡಿಸಿ, ಪರೀಕ್ಷೆ ಮಾಡುವ ಮುಂಚೆ ಸ್ಕ್ಯಾನ್ ಕೋಣೆಗೆ ಕಾಲಿಡಬೇಡ. ಸ್ಕ್ಯಾನ್ ಅಂದರೆ ನನಗೇನು ಸಿಟ್ಟಿಲ್ಲ. ಕತ್ತಲ ಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದ ಕಾಲದಿಂದ ಸಿಟಿ ಮೆಷಿನ್ ಬರುವವರೆಗೂ ಅದೇ ಕೆಲಸದಲ್ಲಿ ಅನ್ನ ತಿಂದವನು ನಾನು. ಸಿಟ್ಟಿರುವುದು ಆಳನ್ನು ನೋಡದೆ ಬರೀ ಫಿಲ್ಮನ್ನು ನೋಡುವವರ ಮೇಲೆ.

ದೊಡ್ಡಣ್ಣನ ವಿಷಯ ನಿಮಗೆಲ್ಲ ಗೊತ್ತು ಅಂದುಕೊಂಡಿದ್ದೀರಿ. ಪೂರ್ತಿ ಗೊತ್ತಿಲ್ಲ. ಅವನು ಬ್ಯಾಂಕಿನಿಂದ ನಿವೃತ್ತನಾದ ಮೇಲೂ ಊರಿನ ಅಡಿಕೆ ಸೊಸೈಟಿ ಲೆಕ್ಕವೆಲ್ಲ ಅವನದೇ ಅಲ್ವಾ? ಕೆಂಪು ರಟ್ಟಿನ ಲೆಡ್ಜರು, ಶಾಯಿ ಪೆನ್ನು, ಪುಟದ ಕೊನೆಗೆ ಎರಡು ಗೆರೆ. ಒಂದು ಪೈಸೆ ತಪ್ಪಿದರೆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಆ ವರ್ಷ ಮಕ್ಕಳು ದೀಪಾವಳಿಗೆ ಬಂದವರು ಅಪ್ಪನಿಗೆ ಪೂರ್ತಿ ಮೈ ತಪಾಸಣೆ ಮಾಡಿಸುತ್ತೇವೆ ಅಂತ ಕರೆದುಕೊಂಡು ಹೋದರು. ಅವನಿಗೆ ಮರೆವಿನ ದೂರೇ ಇರಲಿಲ್ಲ. ಒಂದೆರಡು ಸಲ ಕರೆದರೆ ಓಗೊಡಲಿಲ್ಲ, ಅಷ್ಟೇ. ಪ್ಯಾಕೇಜಿನಲ್ಲಿ ಮೆದುಳಿನ ಎಂಆರ್‌ಐ ಕೂಡ ಸೇರಿತ್ತು.

ರಿಪೋರ್ಟಿನ ಕೊನೆಯಲ್ಲಿ ಒಂದೇ ಸಾಲು. ಮೈಲ್ಡ್ ಏಜ್ ರಿಲೇಟೆಡ್ ಸೆರೆಬ್ರಲ್ ಅಟ್ರೋಫಿ. ಅಂದರೆ ವಯಸ್ಸಿಗೆ ತಕ್ಕ ಹಾಗೆ ಮೆದುಳು ಸ್ವಲ್ಪ ಕುಗ್ಗಿದೆ ಅಂತ. ಎಪ್ಪತ್ತು ದಾಟಿದ ಯಾರ ಮೆದುಳಿನ ಫಿಲ್ಮಾದರೂ ಲೈಟ್ ಬಾಕ್ಸಿಗೆ ಸಿಕ್ಕಿಸಿ ನೋಡಿ, ಮಡಿಕೆಗಳ ನಡುವಿನ ಗೆರೆ ಅಗಲ ಆಗಿರುತ್ತವೆ, ನಡುವೆ ನೀರು ತುಂಬಿದ ಕೋಣೆಗಳು ಹಿಗ್ಗಿರುತ್ತವೆ. ತಲೆಗೂದಲು ನರೆತ ಹಾಗೆಯೇ ಅದು. ಆದರೆ ಮಕ್ಕಳು ಆ ಸಾಲನ್ನು ಫೋನಿನಲ್ಲಿ ಹುಡುಕಿದರು. ಹುಡುಕಿದ ಮೇಲೆ ಕೇಳಬೇಕಾ? ಒಂದು ವಾರದಲ್ಲಿ ಲೆಡ್ಜರು ಸೊಸೈಟಿಗೆ ವಾಪಸ್ ಹೋಯಿತು. ಎಟಿಎಂ ಕಾರ್ಡು ಸೊಸೆಯ ಪರ್ಸಿಗೆ. ಸ್ಕೂಟರ್ ಕೀ ಬೀರುವಿಗೆ. ಅವನು ಗ್ಯಾಸ್ ಹಚ್ಚಿದರೆ ಹಿಂದೆ ಒಬ್ಬರು ನಿಲ್ಲುತ್ತಿದ್ದರು.

ಅಣ್ಣ ಇಳಿದುಹೋದ. ಮಾತು ಶುರು ಮಾಡುವ ಮುಂಚೆ "ಇದನ್ನ ಆಗಲೇ ಹೇಳಿದೆನೇನೋ?" ಅಂತ ಕೇಳುವುದು ಅಭ್ಯಾಸ ಆಯಿತು. ಕಟ್ಟೆಗೆ ಹೋಗುವುದು ಬಿಟ್ಟ. ಪೇಪರ್ ಮಡಿಸಿದ್ದು ಮಡಿಸಿದ ಹಾಗೇ ಇರುತ್ತಿತ್ತು. ನಾನು ಹೋದಾಗ ನನ್ನ ಕೈ ಹಿಡಿದು, "ನಿನ್ನನ್ನೂ ಮರೆತುಬಿಡ್ತೀನಾ ತಮ್ಮಾ?" ಅಂದ. ಇದನ್ನು ಇವತ್ತಿಗೂ ನೆನೆಸಿಕೊಳ್ಳಲು ನನಗೆ ಆಗುವುದಿಲ್ಲ.

ವರ್ಷ ಕಳೆದ ಮೇಲೆ ಬೆಂಗಳೂರಿನಲ್ಲಿ ಒಬ್ಬ ನರರೋಗ ತಜ್ಞರಿಗೆ ತೋರಿಸಿದೆವು. ಅವರು ಫಿಲ್ಮನ್ನು ಪಕ್ಕಕ್ಕಿಟ್ಟು ಮೊದಲು ಅಣ್ಣನನ್ನು ಮಾತಾಡಿಸಿದರು. ಕನ್ನಡದಲ್ಲೇ ಪರೀಕ್ಷೆ. ಕಥೆ ಹೇಳಿ ಮತ್ತೆ ಹೇಳಿಸುವುದು, ಚಿತ್ರ ಬರೆಸುವುದು, ಲೆಕ್ಕ ಕೇಳುವುದು. ಲೆಕ್ಕದಲ್ಲಿ ಒಂದೂ ತಪ್ಪಲಿಲ್ಲ. ಕೊನೆಗೆ ಗೊತ್ತಾಗಿದ್ದು, ಕಿವಿ ಮಂದ, ರಕ್ತದಲ್ಲಿ ಬಿ12 ತುಂಬ ಕಡಿಮೆ, ಮನಸ್ಸು ಕುಗ್ಗಿದೆ. ಮರೆವಿನ ರೋಗ ಇಲ್ಲ. ಇಂಜೆಕ್ಷನ್ ಕೊಟ್ಟರು, ಕಿವಿಗೆ ಮೆಷಿನ್ ಹಾಕಿಸಿದರು, ಚೇತರಿಸಿಕೊಂಡ. ಆದರೆ ಲೆಡ್ಜರ್ ಮಾತ್ರ ಮತ್ತೆ ಮುಟ್ಟಲಿಲ್ಲ. ಹೃದಯಾಘಾತದಲ್ಲಿ ಹೋಗುವವರೆಗೂ ಮುಟ್ಟಲಿಲ್ಲ.

ಅದಕ್ಕೇ ಮತ್ತೆ ಹೇಳುತ್ತೇನೆ ಪುಟ್ಟಿ, ಡಾಕ್ಟರು ನೋಡುವ ಮುಂಚೆ ಸ್ಕ್ಯಾನ್ ಬೇಡ.

ಈಗ ನೀನು ಹೇಳುತ್ತೀಯ, ಅದು ಎಂಆರ್‌ಐ ಮಾವ, ಇದು ಪೆಟ್, ಹೊಸದು ಅಂತ. ಸರಿ, ಅದನ್ನೂ ಕೇಳು. ಜರ್ಮನಿಯ ಡಾಕ್ಟರ್ ಆಲ್ಝೈಮರ್ 1906ರಲ್ಲಿ ಈ ರೋಗದ ಗುರುತುಗಳನ್ನು ವಿವರಿಸಿದ್ದು ಸತ್ತ ಹೆಂಗಸಿನ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಆಮೇಲೂ ಎಷ್ಟೋ ದಶಕ ಖಚಿತ ಮಾಡಿಕೊಳ್ಳಲು ಅದೊಂದೇ ದಾರಿ. ಬದುಕಿರುವವರ ಮೆದುಳಿನಲ್ಲಿ ಈ ರೋಗದ ಗುರುತಾದ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಜಿಡ್ಡನ್ನು ತೋರಿಸುವ ಔಷಧಿ ಅಮೆರಿಕದ ಪಿಟ್ಸ್‌ಬರ್ಗಿನವರು ಕಂಡುಹಿಡಿದು 2004ರಲ್ಲಿ ಪ್ರಕಟಿಸಿದರು. ಸ್ವಲ್ಪ ವಿಕಿರಣ ಬೆರೆತ ಔಷಧಿಯನ್ನು ಕೈನರಕ್ಕೆ ಕೊಡುತ್ತಾರೆ, ಅದು ಹೋಗಿ ಜಿಡ್ಡಿಗೆ ಅಂಟುತ್ತದೆ, ಮೆಷಿನ್ನಿನಲ್ಲಿ ಹೊಳೆಯುತ್ತದೆ. ಬಹಳ ದೊಡ್ಡ ಕೆಲಸ ಅದು, ನಾನು ಕೈ ಮುಗಿಯುತ್ತೇನೆ. ಮರೆವು ಶುರುವಾಗುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಈ ಜಿಡ್ಡು ಸೇರಲು ಶುರುವಾಗುತ್ತದೆ ಅನ್ನುವುದೂ ನಿಜ.

ಆದರೆ ಜಿಡ್ಡು ಇದ್ದವರಿಗೆಲ್ಲ ರೋಗ ಬರುವುದಿಲ್ಲ. ನೆನಪು ಚೆನ್ನಾಗಿರುವವರನ್ನೇ ನೋಡಿದರೆ, 50ರ ವಯಸ್ಸಿನಲ್ಲಿ ನೂರರಲ್ಲಿ ಸುಮಾರು 10 ಜನರಿಗೆ ಅದು ಇರುತ್ತದೆ. 90ರಲ್ಲಿ ಸುಮಾರು 44 ಜನರಿಗೆ. ಅವರಲ್ಲಿ ಎಷ್ಟೋ ಜನ ಕೊನೆಯವರೆಗೂ ಮೊಮ್ಮಕ್ಕಳ ಹೆಸರು ಹೇಳಿಕೊಂಡೇ ಹೋಗುತ್ತಾರೆ. ನಿನಗೆ ಈಗ 48. ಜಿಡ್ಡು ಇದೆ ಅಂತ ರಿಪೋರ್ಟ್ ಬಂತು ಅಂತಿಟ್ಟುಕೊ. ಏನು ಮಾಡುತ್ತೀಯ? ರಾತ್ರಿಯೆಲ್ಲ ಎಚ್ಚರ ಇರುತ್ತೀಯ. ಇಲ್ಲ ಅಂತ ಬಂದರೂ ಮುಂದೆ ಸೇರುವುದೇ ಇಲ್ಲ ಅಂತ ಯಾರೂ ಬರೆದುಕೊಡುವುದಿಲ್ಲ. ಅಮೆರಿಕದ ತಜ್ಞರು 2013ರಲ್ಲಿ ಈ ಸ್ಕ್ಯಾನ್ ಯಾರಿಗೆ ಮಾಡಬೇಕು ಅಂತ ನಿಯಮ ಬರೆದಾಗಲೇ ಹೇಳಿದ್ದರು, ಲಕ್ಷಣ ಇಲ್ಲದವರಿಗೆ ಬೇಡ, ಮನೆಯಲ್ಲಿ ಯಾರಿಗೋ ಇತ್ತು ಅನ್ನುವ ಒಂದೇ ಕಾರಣಕ್ಕೂ ಬೇಡ ಅಂತ.

ಇನ್ನೊಂದು. ಪೆಟ್ ಅಂದರೆ ಎಲ್ಲಾ ಒಂದೇ ಅಲ್ಲ. ಕ್ಯಾನ್ಸರ್‌ಗೆ ಮಾಡುವುದು ಸಕ್ಕರೆ ಪೆಟ್. ಮೆದುಳಿನ ಯಾವ ಭಾಗ ಸಕ್ಕರೆ ಕಡಿಮೆ ಬಳಸುತ್ತಿದೆ ಅಂತ ಅದು ತೋರಿಸುತ್ತದೆ, ಜಿಡ್ಡನ್ನು ತೋರಿಸುವುದಿಲ್ಲ. ಆ ಸೆಂಟರಿನವರದು ಯಾವುದು ಅಂತ ಕೇಳಿದ್ದೀಯಾ?

ನಾನು ಇದನ್ನೆಲ್ಲ ಅಣ್ಣನ ಮಕ್ಕಳಿಗೂ ಆಗಲೇ ಹೇಳಿದ್ದೆ. ಅವರೂ ಈ ಗುಂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ರಿಪೋರ್ಟ್ ನೋಡಿದ ದಿನವೇ, ಇದು ವಯಸ್ಸಿನದು, ಕಿವಿ ತೋರಿಸಿ ಅಂದೆ. "ಚಿಕ್ಕಪ್ಪ, ನೀವು ಫೋಟೋ ತೆಗೆಯೋರು, ರಿಪೋರ್ಟ್ ಓದೋರಲ್ಲ" ಅಂದರು. ಆಯಿತಪ್ಪ, ನಾನು ಡಾಕ್ಟರಲ್ಲ. ಆದರೆ ವಾಟ್ಸಾಪಿನಲ್ಲಿ ಬಂದ ವಿಡಿಯೋದವನು ಡಾಕ್ಟರಾ? ಅವನ ಮಾತು ನಡೆಯಿತು, ನನ್ನದು ನಡೆಯಲಿಲ್ಲ. ಅಕ್ಕನಿಗೆ, ಅಂದರೆ ಪುಟ್ಟಿಯ ಅಮ್ಮನಿಗೆ, ಈ ಕಾಯಿಲೆ ಬಂದಾಗಲೂ ಹೀಗೇ. ಈ ಹುಡುಗಿ ಕೆಲಸ ಬಿಟ್ಟು ಅಮ್ಮನಿಗೆ ಉಣಿಸಿ, ತೊಳೆದು, ರಾತ್ರಿ ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು, ಅಮ್ಮ ಎದ್ದು ಹೊರಗೆ ಹೋಗಬಾರದು ಅಂತ. ಅಪರೂಪಕ್ಕೆ ಬಂದ ನೆಂಟರು ಕಾಫಿ ಕುಡಿದು, "ನಮ್ಮ ಹತ್ತಿರ ಎಷ್ಟು ಚೆನ್ನಾಗಿ ಮಾತಾಡಿದರಲ್ಲ, ನಿನಗೇ ತಾಳ್ಮೆ ಇಲ್ಲ" ಅಂತ ಹೇಳಿ ಹೋದರು. ಯಾರು ಅಂತ ಹೇಳುವುದಿಲ್ಲ. ಅವತ್ತು ಅವಳು ಹಿತ್ತಲಿನಲ್ಲಿ ನಿಂತು ಅತ್ತದ್ದು ನಾನು ನೋಡಿದ್ದೇನೆ. ಒಬ್ಬರಾದರೂ ಒಂದು ವಾರ ಬಂದು ಇರುತ್ತೇನೆ, ನೀನು ನಿದ್ದೆ ಮಾಡು ಅಂದಿರಾ? ಈಗ ಅವಳ ಮೆಸೇಜಿಗೆ ಕೈ ಮುಗಿಯುವ ಚಿಹ್ನೆ ಹಾಕುತ್ತೀರಿ, "ಧೈರ್ಯವಾಗಿರು" ಅಂತೀರಿ. ಆಗ ಆ ಧೈರ್ಯವನ್ನು ಕೊಡಬೇಕಿತ್ತು.

ಇರಲಿ. ಎಲ್ಲಿಗೋ ಹೋಯಿತು ಮಾತು. ನಿಮ್ಮತ್ತೆ ಪಕ್ಕದಲ್ಲಿ ಕೂತು, ಅವಳು ಏನು ಮಾಡಬೇಕು ಅದನ್ನ ಹೇಳಿ ಅಂತ ತಿವಿಯುತ್ತಿದ್ದಾಳೆ.

ಮೊದಲು ಒಂದು ಸಮಾಧಾನ. ಅಕ್ಕನಿಗೆ ಶುರುವಾದದ್ದು 74 ದಾಟಿದ ಮೇಲೆ. ತಲೆಮಾರಿನಿಂದ ತಲೆಮಾರಿಗೆ ನಲವತ್ತು ಐವತ್ತರಲ್ಲೇ ಬರುವ ಮನೆತನಗಳಿವೆ, ಅದು ಬೇರೆ, ಅಲ್ಲಿ ವಂಶವಾಹಿಯ ದೋಷ ಇರುತ್ತದೆ. ನಮ್ಮದು ಹಾಗಲ್ಲ. ತಾಯಿಗಿದ್ದರೆ ಮಗಳಿಗೆ ಅಪಾಯ ಸ್ವಲ್ಪ ಜಾಸ್ತಿ ಹೌದು, ಬಂದೇ ಬರುತ್ತದೆ ಅಂತಿಲ್ಲ. ಅಕ್ಕನಿಗೆ ಶುರುವಾದದ್ದು ಹೇಗೆ, ನೆನಪಿದೆಯಾ? ಯುಗಾದಿ ದಿನ ಕಣಕ ಕಲಸಿಟ್ಟು, ಹೂರಣ ರುಬ್ಬಿಟ್ಟು, ಮುಂದೇನು ಅಂತ ತಿಳಿಯದೆ ಒಲೆ ಮುಂದೆ ನಿಂತುಬಿಟ್ಟಳು. ಜೀವಮಾನವೆಲ್ಲ ಹೋಳಿಗೆ ತಟ್ಟಿದ ಕೈ ಅದು. ನೀನು ಹಾಲು ಮರೆತದ್ದು ಫೋನಿನಲ್ಲಿ ಮೀಟಿಂಗ್ ಮಾಡುತ್ತಾ ನಿಂತದ್ದಕ್ಕೆ. ಎರಡೂ ಒಂದೇ ಅಲ್ಲ.

ಹಾಗಂತ ಸುಮ್ನೆ ಇರಬೇಡ. ನಿಮ್ಹಾನ್ಸ್‌ನಲ್ಲಿ ಮರೆವಿನ ತೊಂದರೆಗೇ ಬೇರೆ ಕ್ಲಿನಿಕ್ ಇದೆ, ಅಲ್ಲಿಗೆ ಹೋಗು. ಊರಲ್ಲಿರುವವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಸರ್ಕಾರದವರು ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯಕ್ಕೆ ಅಂತ ಕ್ಲಿನಿಕ್ ಶುರು ಮಾಡಿದ್ದಾರೆ. ಒಬ್ಬಳೇ ಹೋಗಬೇಡ, ನಿನ್ನ ದಿನಚರಿ ನೋಡುವ ಇನ್ನೊಬ್ಬರು ಜೊತೆಗಿರಲಿ, ಡಾಕ್ಟರು ಅವರನ್ನೂ ಕೇಳುತ್ತಾರೆ. ಬಿ12, ಥೈರಾಯ್ಡ್, ಸಕ್ಕರೆ, ಬಿಪಿ, ಕಿವಿ ಎಲ್ಲ ನೋಡಿಸು. ತಗೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗು. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ ಕೆಲವು ಮರೆವು ತರುತ್ತವೆ. ನಿಮ್ಮತ್ತೆ ಹೇಳುತ್ತಾಳೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಿದ್ದೆ ಕೆಟ್ಟು ತಲೆ ಮಂಕಾಗುತ್ತದೆ, ಅದನ್ನು ನಾಚಿಕೊಳ್ಳದೆ ಡಾಕ್ಟರಿಗೆ ಹೇಳಲಿ ಅಂತ.

ಅವರು ನೋಡಿ ಎಂಆರ್‌ಐ ಬೇಕು ಅಂದರೆ ಕಣ್ಣು ಮುಚ್ಚಿ ಮಾಡಿಸು. ಅದರಲ್ಲಿ ವಿಕಿರಣ ಇಲ್ಲ. ತಲೆಗೆ ಪೆಟ್ಟು ಬಿದ್ದು ರಕ್ತ ನಿಂತಿದ್ದರೆ, ನೀರು ತುಂಬಿದ್ದರೆ, ಗಡ್ಡೆ ಇದ್ದರೆ, ಗೊತ್ತಾಗದ ಹಾಗೆ ಸಣ್ಣ ಸ್ಟ್ರೋಕ್ ಆಗಿದ್ದರೆ ಸಿಗುತ್ತದೆ. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆಯೂ ಇದೆ. ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಕಪಾಲದ ಎರಡೂ ಬದಿ ಒಳಗಿರುತ್ತದೆ, ಅದರ ಸುತ್ತಲಿನ ಭಾಗ ಕುಗ್ಗಿದ್ದಕ್ಕೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. 2 ಬಂದರೆ 60ರವರಲ್ಲಿ ಅನುಮಾನ, 80ರವರಲ್ಲಿ ಅದೇ ಅಂಕ ಸಾಮಾನ್ಯ. ನಿನ್ನ ವಯಸ್ಸು, ನಿನ್ನ ಪರೀಕ್ಷೆ ಎರಡನ್ನೂ ಮುಂದಿಟ್ಟುಕೊಂಡು ಅದನ್ನು ಓದುವವರು ಬೇಕು.

ಪೆಟ್ ಯಾವಾಗ ಅಂದರೆ, ಮರೆವು ನಿಜವಾಗಿ ಇದೆ ಅಂತ ಪರೀಕ್ಷೆಯಲ್ಲಿ ಕಂಡು, ಕಾರಣ ಗೊತ್ತಾಗದಿದ್ದಾಗ. ಅಮೆರಿಕದಲ್ಲಿ 2023ರಲ್ಲಿ ಲೆಕಾನೆಮ್ಯಾಬ್, 2024ರಲ್ಲಿ ಡೊನಾನೆಮ್ಯಾಬ್ ಅಂತ ಜಿಡ್ಡು ತೆಗೆಯುವ ಔಷಧಿಗಳಿಗೆ ಒಪ್ಪಿಗೆ ಸಿಕ್ಕಿದೆ. ಅವು ರೋಗವನ್ನು ಸ್ವಲ್ಪ ನಿಧಾನ ಮಾಡುತ್ತವೆ ಅಷ್ಟೇ. ಮೆದುಳು ಊದುವ, ರಕ್ತ ಒಸರುವ ಅಪಾಯ ಇದೆ ಅಂತ ನಡುನಡುವೆ ಎಂಆರ್‌ಐ ಮಾಡುತ್ತಲೇ ಇರಬೇಕು. ಅವನ್ನು ಕೊಡುವುದೂ ಲಕ್ಷಣ ಶುರುವಾದವರಿಗೆ, ಜಿಡ್ಡು ಇರುವುದು ಖಚಿತ ಆದ ಮೇಲೆ. ಅಂಥವರಿಗೆ ಪೆಟ್ ಬೇಕಾಗಬಹುದು.

ನಿನಗೆ ಈ ವಿಷಯದಲ್ಲಿ ಏನಾದರೂ ಮಾಡಲೇಬೇಕು ಅಂತಿದ್ದರೆ ಬೆಂಗಳೂರಿನ ಐಐಎಸ್ಸಿಯಲ್ಲಿ ಮೆದುಳು ಸಂಶೋಧನಾ ಕೇಂದ್ರ ಇದೆ. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಆರೋಗ್ಯವಂತರನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿ ನೋಡುತ್ತಿದ್ದಾರೆ. ಬೆಂಗಳೂರಿನವರಿಗೂ ಅಂಥ ಅಧ್ಯಯನ ಮಾಡಿದ್ದಾರೆ, ಈಗಲೂ ಸೇರಿಸಿಕೊಳ್ಳುತ್ತಾರಾ ವಿಚಾರಿಸು. ಒಂದು ಫಿಲ್ಮಿಗಿಂತ ಒಬ್ಬರದೇ ಫಿಲ್ಮುಗಳನ್ನು ವರ್ಷಗಟ್ಟಲೆ ಹೋಲಿಸಿ ನೋಡುವುದರಲ್ಲಿ ಅರ್ಥ ಇದೆ. ಬಿಪಿ, ಸಕ್ಕರೆ, ಕಿವಿ, ಕೊಲೆಸ್ಟ್ರಾಲ್, ನಡಿಗೆ, ಜನರ ಒಡನಾಟ ಇಂಥ 14 ಕಾರಣಗಳನ್ನು ಸರಿ ನೋಡಿಕೊಂಡರೆ ಮರೆವಿನ ರೋಗದಲ್ಲಿ ಸುಮಾರು 45 ಶೇಕಡಾ ತಡೆಯಬಹುದು ಅಥವಾ ಮುಂದೂಡಬಹುದು ಅಂತ 2024ರಲ್ಲಿ ಲ್ಯಾನ್ಸೆಟ್‌ನವರ ಆಯೋಗ ಹೇಳಿದೆ. ಪ್ಯಾಕೇಜಿನ ದುಡ್ಡಿನಲ್ಲಿ ಇವನ್ನೆಲ್ಲ ನೋಡಿಸಿಕೊಂಡರೂ ಮಿಗುತ್ತದೆ.

ಕೊನೆಗೆ ಮತ್ತೊಮ್ಮೆ, ಡಾಕ್ಟರು ನೋಡುವ ಮುಂಚೆ ಸ್ಕ್ಯಾನ್ ಬೇಡ. ಸೆಂಟರಿನವರು ಫೋನ್ ಮಾಡಿದರೆ ಮಾವನನ್ನು ಕೇಳಿ ಹೇಳುತ್ತೇನೆ ಅನ್ನು. ಮಂಗಳವಾರ ನಾನೂ ನಿಮ್ಮತ್ತೆಯೂ ಬೆಂಗಳೂರಿಗೆ ಬರುತ್ತೇವೆ, ನಿಮ್ಹಾನ್ಸ್‌ಗೆ ಜೊತೆಗೆ ಹೋಗೋಣ. ಅಮ್ಮನ ಹಳೇ ಫಿಲ್ಮುಗಳು, ರಿಪೋರ್ಟ್ ಫೈಲು ಅಟ್ಟದ ಮೇಲಿವೆ, ಇಳಿಸಿಡು. ಆಮೇಲೆ ನೀನು ಈಗ ತಗೊಳ್ಳುತ್ತಿರುವ ನಿದ್ದೆ ಮಾತ್ರೆ ಯಾವುದು, ಅದರ ಹೆಸರನ್ನು ಇವತ್ತೇ ಬರೆದು ಕಳಿಸು.