ಅಪ್‌ಡೇಟ್: 2006ರ ಪಿಕಪ್ಪೋ 2007ರದ್ದೋ?

ಕಮಿನ್ಸ್ ಡೀಸೆಲ್ ಎಂಜಿನ್ನಿನ ಹಳೆಯ ಡಾಡ್ಜ್ ರ‍್ಯಾಮ್ 2500 ಕೊಳ್ಳುವುದಾದರೆ 2006ರದ್ದು ಒಳ್ಳೆಯದೋ 2007ರದ್ದೋ ಎಂದು ಕಳೆದ ವಾರ ಕೇಳಿದ್ದೆ; ಕೊನೆಗೆ 5.9 ಲೀಟರ್ ಎಂಜಿನ್ ಇರುವ 2007ರ ಗಾಡಿಯನ್ನೇ ಕೊಂಡೆ. ಅಚ್ಚರಿಯ ಸಂಗತಿಯೆಂದರೆ, 2007ರ ನಡುವಿನಲ್ಲಿ 6.7 ಲೀಟರ್ ಎಂಜಿನ್ ಬಂದು, ಅದರೊಂದಿಗೆ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಫಿಲ್ಟರ್ ಕೂಡ ಸೇರಿಕೊಂಡಿದ್ದರಿಂದ, ಅದೇ ವರ್ಷದ ಎರಡು ಗಾಡಿಗಳು ಒಳಗೆ ಬೇರೆ ಬೇರೆಯೇ ಆಗಿರಬಹುದು. ಗಾಡಿಯ ಗುರುತಿನ ಸಂಖ್ಯೆಯಾದ ವಿಐಎನ್‌ನ ಹತ್ತನೆಯ ಅಕ್ಷರ ನೋಡಿ ಎಂಬ ಸಲಹೆಯಿಂದ ವರ್ಷವಷ್ಟೇ ತಿಳಿಯಿತು. ಎಂಟನೆಯ ಅಕ್ಷರದಿಂದ ಎಂಜಿನ್ ಯಾವುದೆಂದು ಗೊತ್ತಾಗುತ್ತದೆ ಎಂದವರ ಮಾತೇ ಕೆಲಸಕ್ಕೆ ಬಂತು, ಅವರಿಗೆ ಹೃತ್ಪೂರ್ವಕ ಧನ್ಯವಾದಗಳು. ಓಡಿದ ದೂರ ಕಡಿಮೆಯಿದ್ದರೆ ಸಾಕು ಎಂಬ ಸಲಹೆಯನ್ನು ಮಾತ್ರ ಒಪ್ಪಲಾರೆ: ಹಾಗೆ ಕಡಿಮೆ ಓಡಿದ್ದ ಬೇರೊಂದು ಕಂಪನಿಯ ಗಾಡಿ, ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದೊಡನೆ ಬಿಳಿ ಹೊಗೆ ಉಗುಳಿತು, ಎಂಜಿನ್ನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಸವೆದಿವೆಯೆಂದು ಮೆಕ್ಯಾನಿಕ್ ತೋರಿಸಿಕೊಟ್ಟರು.