ಫ್ಲೈಓವರ್ ಕೆಳಗಿನ ಜಾಗಕ್ಕೆ ಬೇಲಿ ಹಾಕಬೇಕಾ?

ಘಾಟ್ಕೋಪರ್ ವಾಸಿ:
ಮುಂಬೈನ ಘಾಟ್ಕೋಪರ್‌ನಲ್ಲಿ ನಮ್ಮ ಬಿಲ್ಡಿಂಗ್ ಎದುರಿನ ಫ್ಲೈಓವರ್ ಕೆಳಗೆ ತುಕ್ಕು ಹಿಡಿದ ಗಾಡಿಗಳು, ಮನೆ ಒಡೆದ ಕಲ್ಲುಮಣ್ಣು ಬಿದ್ದಿವೆ. ಕಂಬಗಳಿಗೆ ಚಿತ್ರ ಬರೆಸಿ, ಸುತ್ತ ಬೇಲಿ ಹಾಕಿಸಿ ಅಂತ ವಾರ್ಡ್ ಆಫೀಸಿಗೆ ಅರ್ಜಿ ಕೊಡೋಣ ಅಂತಿದ್ದಾರೆ ಸೊಸೈಟಿಯವರು. ಚಿತ್ರ ನನಗೂ ಇಷ್ಟ. ಆದರೆ ವಯಸ್ಸಾದವರು ಕೂರೋಕೆ ಜಾಗವಿಲ್ಲದೆ ಅಂಗಡಿ ಮೆಟ್ಟಿಲ ಮೇಲೆ ಕೂರುವ ಊರಿನಲ್ಲಿ ಇಷ್ಟು ದೊಡ್ಡ ನೆರಳಿಗೆ ಬೀಗ ಹಾಕೋದು ಸರೀನಾ? ಬೇರೆ ಕಡೆ ಏನು ಮಾಡಿದ್ದಾರೆ, ನೋಡಿದವರು ಹೇಳಿ.

ಮಾಟುಂಗಾದವಳು:
ಒಮ್ಮೆ ನಮ್ಮ ಮಾಟುಂಗಾದ ಕಿಂಗ್ಸ್ ಸರ್ಕಲ್‌ಗೆ ಬನ್ನಿ. ಇಲ್ಲಿನ ಫ್ಲೈಓವರ್ ಕೆಳಗೂ ಮೊದಲು ಪಾರ್ಕಿಂಗೇ ಇತ್ತು. ಸುತ್ತಲಿನ ಜನ ಹಿಡಿದ ಪಟ್ಟು ಬಿಡದೆ ಕೇಳಿದ್ದಕ್ಕೆ ಪಾಲಿಕೆ ಅಲ್ಲಿ ಉದ್ಯಾನ ಮಾಡಿತು, 2016ರಲ್ಲಿ ತೆರೆಯಿತು. ನಡೆಯುವ ದಾರಿಯನ್ನು ನರ್ಮದಾ ನದಿ ಹರಿಯುವ ಹಾಗೆ ಬಳುಕಿಸಿದ್ದಾರೆ. ಆ ತಿರುವುಗಳಿಂದಲೇ ಕಿರಿದಾದ ಪಟ್ಟಿಯಲ್ಲಿ ನಡೆಯೋಕೂ ಕೂರೋಕೂ ಬೇರೆ ಬೇರೆ ಜಾಗ ಸಿಕ್ಕಿದೆ. ಇಲ್ಲಿನ ಕನ್ನಡಿಗರ ಸಂಘ ಮೈಸೂರ್ ಅಸೋಸಿಯೇಷನ್‌ನ ಕಾರ್ಯಕ್ರಮ ಮುಗಿದ ಮೇಲೆ ನಾವು ಅಲ್ಲೇ ಹರಟೆ ಹೊಡೆಯುತ್ತೇವೆ. ತೊಂದರೆ ಒಂದೇ, ಎರಡೂ ಕಡೆ ಅಂಬೇಡ್ಕರ್ ರಸ್ತೆಯ ಟ್ರಾಫಿಕ್. ಉದ್ಯಾನದ ಜೊತೆ ಅಲ್ಲಿಗೆ ದಾಟಿ ಹೋಗುವ ದಾರಿಯನ್ನೂ ಕೇಳಿ.

ನವಿ ಮುಂಬೈ ಶೆಟ್ರು:
ಸಾನ್ಪಾಡಾದಲ್ಲಿ ಫ್ಲೈಓವರ್ ಕೆಳಗೆ ಬಾಸ್ಕೆಟ್‌ಬಾಲ್, ಬ್ಯಾಡ್ಮಿಂಟನ್, ಕ್ರಿಕೆಟ್ ಆಡೋಕೆ ಜಾಗ ಮಾಡಿದ್ದಾರೆ. ಮಳೆಗಾಲದಲ್ಲೂ ಮಕ್ಕಳು ಆಡಬಹುದು. ಬಲೆ ಕಟ್ಟಿದ್ದಾರೆ, ಅದು ಚೆಂಡು ರಸ್ತೆಗೆ ಹೋಗದಿರಲಿ ಅಂತ. ಬಲೆ, ಬೇಲಿ ಕೇಳುವಾಗ ಅದು ಯಾಕೆ ಅಂತಲೂ ಅರ್ಜಿಯಲ್ಲಿ ಬರೆಯಿರಿ ಸಾರ್.

ಡೊಂಬಿವಲಿ ಸೊಸೆ:
ದೀಪ ಮತ್ತು ಶೌಚಾಲಯ ಇಲ್ಲದಿದ್ದರೆ ಹೆಂಗಸರು ಸಂಜೆ ಮೇಲೆ ಆ ಕಡೆ ಸುಳಿಯಲ್ಲ, ಕಂಬದ ಮೇಲೆ ಎಷ್ಟೇ ಚಂದದ ಚಿತ್ರ ಇರಲಿ. 2020ರಲ್ಲಿ ದಾದರ್ ಕಡೆಯ ರಸ್ತೆ ದಾಟುವ ಸಿಗ್ನಲ್‌ಗಳಲ್ಲಿ ಫ್ರಾಕ್ ಹಾಕಿದ ಹೆಣ್ಣಿನ ಆಕೃತಿ ಬಂದಾಗ ನನಗೆ ತುಂಬಾ ಖುಷಿಯಾಗಿತ್ತು. ಆದರೆ ಮೊಣಕಾಲು ನೋವಿರುವ ನಮ್ಮ ಅತ್ತೆಗೆ ಬೇಕಿರೋದು ದಾಟೋಕೆ ಇನ್ನಷ್ಟು ಸೆಕೆಂಡು.

ಪರೇಲ್ ಮಾಮ:
ಮೊದಲು ಫ್ಲೈಓವರ್ ಯಾರ ಕೈಯಲ್ಲಿದೆ ಅಂತ ಕೇಳಿ. ಈ ಊರಲ್ಲಿ ಕೆಲವನ್ನು ರಾಜ್ಯದ ರಸ್ತೆ ನಿಗಮ ಎಂಎಸ್‌ಆರ್‌ಡಿಸಿ ಕಟ್ಟಿದೆ, ಕೆಲವನ್ನು ಮುಂಬೈ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ ಎಂಎಂಆರ್‌ಡಿಎ, ಉಳಿದದ್ದು ಪಾಲಿಕೆ. ತಪ್ಪು ಮೇಜಿಗೆ ಹೋದ ಅರ್ಜಿ ಅಲ್ಲೇ ಮಲಗುತ್ತೆ. ಇನ್ನೊಂದು, ಅಲ್ಲಿ ಈಗಲೇ ಯಾರಾದರೂ ವ್ಯಾಪಾರ ಮಾಡ್ತಿದ್ದಾರಾ? 2014ರ ಬೀದಿ ವ್ಯಾಪಾರಿಗಳ ಕಾನೂನಿನ ಪ್ರಕಾರ ವ್ಯಾಪಾರಿಗಳ ಸರ್ವೆ ಮುಗಿಯುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ನಕ್ಷೆಯಲ್ಲಿ ಅವರಿಗೂ ಜಾಗ ಬಿಡಿ. ಜನ ಇದ್ದರೆ ಕಸ ಸುರಿಯೋಕೆ ಬರುವವರೂ ಹಿಂದೆ ಮುಂದೆ ನೋಡ್ತಾರೆ.

ಘಾಟ್ಕೋಪರ್ ವಾಸಿ:
ಒಬ್ಬ ಚಪ್ಪಲಿ ಹೊಲಿಯುವವರು, ಒಬ್ಬ ಕೀಲಿ ಮಾಡುವವರು ಇದ್ದಾರೆ. ಅವರನ್ನು ಕೇಳಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಭಾನುವಾರದ ಸೊಸೈಟಿ ಮೀಟಿಂಗಿಗೆ ಅವರನ್ನೂ ಕರೆಯುತ್ತೇನೆ. ಪಾಲಿಕೆ ಕೆಲಸದಲ್ಲಿ ಓಡಾಡಿದ ಕನ್ನಡದವರು ಯಾರಾದರೂ ಇದ್ದರೆ ಅರ್ಜಿಯ ಮರಾಠಿ ತಿದ್ದಿಕೊಡಿ, ಕರಡು ಇಲ್ಲೇ ಹಾಕುತ್ತೇನೆ.