ನೀಲಿ ಸ್ಕ್ರೀನ್ ಪ್ರಶ್ನೆಗಳು: ಭಾನುವಾರದ ಮಾತುಕತೆ

ರಿಪೇರಿಯವರು: ನಮಸ್ಕಾರ. ಮೈಸೂರಿನ ಅಗ್ರಹಾರದಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ಇವತ್ತು ರಜೆ, ಮಧ್ಯಾಹ್ನದ ಊಟದವರೆಗೂ ಈ ಗ್ರೂಪ್‌ನಲ್ಲೇ ಇರುತ್ತೇನೆ. ವಿಂಡೋಸ್ ಮುಂದೆ ಓಡಲಾಗದೆ ನಿಂತು ನೀಲಿ ಸ್ಕ್ರೀನ್ ತೋರಿಸುತ್ತದಲ್ಲ, ಅದರ ಬಗ್ಗೆ ಕೇಳಿ. ಕೇಳುವಾಗ ಮೂರು ವಿಷಯ ಬರೆಯಿರಿ. ಸ್ಕ್ರೀನ್ ಮೇಲೆ ಬರುವ ಸ್ಟಾಪ್ ಕೋಡ್ (ತಪ್ಪಿನ ಹೆಸರು) ಯಾವುದು, ಏನು ಮಾಡುವಾಗ ಬರುತ್ತದೆ, ಅದಕ್ಕೆ ಮುಂಚೆ ಏನಾದರೂ ಹೊಸದಾಗಿ ಹಾಕಿಸಿದಿರಾ. ವಿಂಡೋಸ್ 11ರ ಹೊಸ ಅಪ್‌ಡೇಟ್‌ನಲ್ಲಿ ನೀಲಿ ಹೋಗಿ ಕಪ್ಪು ಬಂದಿದೆ. ಬಣ್ಣ ಬೇರೆ, ವಿಷಯ ಅದೇ.

ಕುವೆಂಪುನಗರದ ಸದಸ್ಯ: ಸರ್, ಲ್ಯಾಪ್‌ಟಾಪ್ ಮುಚ್ಚಿಟ್ಟು ಮತ್ತೆ ತೆರೆದಾಗ ಮಾತ್ರ ಬರುತ್ತದೆ. ಪ್ರತಿ ಸಲವೂ ‘ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್’. ಹೋದ ವಾರ ವೈಫೈ ಡ್ರೈವರ್ ಅಪ್‌ಡೇಟ್ ಆಗಿತ್ತು.

ರಿಪೇರಿಯವರು: ಕೇಳಿದ ರೀತಿ ಚೆನ್ನಾಗಿದೆ, ಉತ್ತರ ಅದರಲ್ಲೇ ಇದೆ. ಒಂದೇ ಕೋಡ್, ಒಂದೇ ಸಮಯ ಅಂದರೆ ಹೆಚ್ಚಾಗಿ ಡ್ರೈವರ್ ತೊಂದರೆ, ಅಂದರೆ ವೈಫೈನಂಥ ಭಾಗವನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್‌ನದು. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಪ್ರಾಪರ್ಟೀಸ್ ತೆಗೆದು ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ, ಹಳೆಯದು ವಾಪಸ್ ಬರುತ್ತದೆ. ಆಗದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟ್‌ಗೆ ಹೋಗಿ, ನಿಮ್ಮ ಮಾಡೆಲ್ ನಂಬರ್ ಹಾಕಿ, ಅಲ್ಲಿಂದ ಇಳಿಸಿಕೊಳ್ಳಿ. ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ ಹಾಕುತ್ತೇವೆ ಅನ್ನುವ ಸಾಫ್ಟ್‌ವೇರ್ ಮಾತ್ರ ಬೇಡ.

ವಿಜಯನಗರದ ಸದಸ್ಯೆ: ಹಳೆ 8 ಜಿಬಿ ರ‍್ಯಾಮ್ ಜೊತೆಗೆ ಇನ್ನೊಂದು 8 ಜಿಬಿ ಹಾಕಿಸಿದೆ. ಆವತ್ತಿನಿಂದ ಒಂದು ದಿನ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಂದು ದಿನ ‘ಪೇಜ್ ಫಾಲ್ಟ್’ ಅಂತ ಏನೋ ಬರುತ್ತಿದೆ.

ರಿಪೇರಿಯವರು: ಕೋಡ್ ದಿನಕ್ಕೊಂದು ಬದಲಾದರೆ ನನ್ನ ಮೊದಲ ಅನುಮಾನ ರ‍್ಯಾಮ್ ಮೇಲೆ. ಹೊಸದನ್ನು ತೆಗೆಸಿ ಮೂರು ದಿನ ಓಡಿಸಿ. ಆಮೇಲೆ ಹೊಸದೊಂದನ್ನೇ ಹಾಕಿಸಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ರಾತ್ರಿ ಮಲಗುವಾಗ ಚಾಲೂ ಮಾಡಿ. ದುಡ್ಡು ಕೊಡಬೇಕಿಲ್ಲ. ನಾಲ್ಕು ಸುತ್ತೂ ಮುಗಿಯಲಿ. ಒಂದೇ ಒಂದು ಎರರ್ ಬಂದರೂ ಅದನ್ನು ವಾಪಸ್ ಕೊಡಿ.

ಶ್ರೀರಂಗಪಟ್ಟಣದ ಸದಸ್ಯ: ನನಗೂ ನೀಲಿ ಬರುತ್ತೆ ಸರ್. ಏನು ಮಾಡಲಿ?

ರಿಪೇರಿಯವರು: ಕೋಡ್?

ಮಂಡ್ಯದ ವಿದ್ಯಾರ್ಥಿನಿ: ಅಣ್ಣಾ, ನನ್ನ ಎಂ.ಎಸ್ಸಿ ಪ್ರಾಜೆಕ್ಟ್ ಪೂರ್ತಿ ಈ ಲ್ಯಾಪ್‌ಟಾಪ್‌ನಲ್ಲಿದೆ. ಮೊದಲು ವಾರಕ್ಕೊಂದು ಸಲ ಬರುತ್ತಿತ್ತು, ಈಗ ದಿನಕ್ಕೆ ಎರಡು ಮೂರು ಸಲ. ಮೇಜಿನ ಮೇಲಿದ್ದರೆ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಮೈಸೂರು ರೈಲಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಟೈಪ್ ಮಾಡಿದರೆ ಬರುತ್ತದೆ. ಕೋಡ್ ‘ಕರ್ನಲ್ ಡೇಟಾ ಇನ್‌ಪೇಜ್ ಎರರ್’. ಒಂದೆರಡು ಸಲ ‘ಕ್ರಿಟಿಕಲ್ ಪ್ರೋಸೆಸ್ ಡೈಡ್’. ಆ ಸ್ಕ್ರೀನ್‌ನಲ್ಲಿ ಓಡುವ ಶೇಕಡಾ ಲೆಕ್ಕ 0 ಅಂತಲೇ ನಿಂತಿರುತ್ತದೆ, ಮುಂದೆ ಹೋಗುವುದಿಲ್ಲ. ಯೂಟ್ಯೂಬ್ ನೋಡಿ ಮಿನಿಡಂಪ್ ಫೋಲ್ಡರ್ ಹುಡುಕಿದೆ, ಖಾಲಿ.

ಹೆಬ್ಬಾಳದ ಸದಸ್ಯ: ಫಾರ್ಮ್ಯಾಟ್ ಹೊಡೀರಿ, ಸರಿ ಹೋಗುತ್ತೆ.

ರಿಪೇರಿಯವರು: ಫಾರ್ಮ್ಯಾಟ್ ಬೇಡ! ದಯವಿಟ್ಟು ಈ ಹುಡುಗಿಗೆ ಯಾರೂ ಸಲಹೆ ಕೊಡಬೇಡಿ, ಸ್ವಲ್ಪ ಇರಿ.

ನೋಡಮ್ಮ, ಆ ಖಾಲಿ ಫೋಲ್ಡರ್ರೇ ದೊಡ್ಡ ಸುಳಿವು. ವಿಂಡೋಸ್ ಬೀಳುವಾಗ ಯಾಕೆ ಬಿದ್ದೆ ಅಂತ ಒಂದು ಫೈಲ್ ಬರೆದಿಟ್ಟು ಬೀಳುತ್ತದೆ. ಅದನ್ನು ಬರೆಯುವುದು ಎಸ್‌ಎಸ್‌ಡಿ ಮೇಲೆ, ಅಂದರೆ ನಿನ್ನ ಫೈಲ್‌ಗಳೆಲ್ಲ ಇರುವ ಡಿಸ್ಕ್ ಮೇಲೆ. ಎಸ್‌ಎಸ್‌ಡಿಯೇ ಆ ಹೊತ್ತಿಗೆ ಕೈಕೊಟ್ಟರೆ ಬರೆಯುವುದೆಲ್ಲಿ? ಅದಕ್ಕೇ 0ಯಲ್ಲಿ ನಿಲ್ಲುತ್ತದೆ. ನಿನ್ನ ಕೋಡ್‌ನ ಅರ್ಥವೂ ಅದೇ. ಡಿಸ್ಕ್‌ನಿಂದ ಓದಬೇಕಾದ್ದು ಓದಲು ಆಗಲಿಲ್ಲ ಅಂತ. ಮೇಜಿನ ಮೇಲೆ ಸರಿ, ತೊಡೆ ಮೇಲೆ ಕೆಡುತ್ತದೆ ಅಂದರೆ ಒಳಗೆ ಏನೋ ಅಲುಗಾಡುತ್ತಿದೆ, ಇಲ್ಲವೇ ಒತ್ತುತ್ತಿದೆ. ಎರಡು ವಿಷಯ ಹೇಳು. ಟಚ್‌ಪ್ಯಾಡ್ ಮೊದಲಿನ ಹಾಗೆ ಕ್ಲಿಕ್ ಆಗುತ್ತಾ? ಮೇಜಿನ ಮೇಲೆ ನಾಲ್ಕು ಮೂಲೆಯೂ ಸಮನಾಗಿ ಕೂರುತ್ತಾ?

ಸರಸ್ವತಿಪುರಂನ ಹಿರಿಯ ಸದಸ್ಯ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. ನೀಲಿ ಸ್ಕ್ರೀನ್ ಬಂದರೆ ಸೇಫ್ ಮೋಡ್‌ಗೆ ಹೋಗಿ, ಡ್ರೈವರ್ಸ್ ಫೋಲ್ಡರ್‌ನಲ್ಲಿ ಕ್ರೌಡ್‌ಸ್ಟ್ರೈಕ್ ಫೈಲ್ ಅಳಿಸಿ. (ಫಾರ್ವರ್ಡ್ ಆಗಿ ಬಂದದ್ದು)

ರಿಪೇರಿಯವರು: ಸರ್, ಇದು 2024ರ ಜುಲೈ 19ರ ಮೆಸೇಜ್. ಆವತ್ತು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್‌ನ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳಿಗೆ ತೊಂದರೆಯಾಯಿತು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತ್ತು. ಆ ಸಾಫ್ಟ್‌ವೇರ್ ದೊಡ್ಡ ಕಂಪನಿಗಳಲ್ಲಿ ಇರುವುದು, ನಮ್ಮ ಮನೆ ಲ್ಯಾಪ್‌ಟಾಪ್‌ಗಳಲ್ಲಲ್ಲ. ಇದನ್ನು ನೋಡಿ ಯಾರಾದರೂ ಕೈಗೆ ಸಿಕ್ಕ ಡ್ರೈವರ್ ಫೈಲ್ ಅಳಿಸಿದರೆ ವಿಂಡೋಸೇ ಏಳುವುದಿಲ್ಲ. ಅಳಿಸಿಬಿಡಿ ಇದನ್ನು.

ಹೆಬ್ಬಾಳದ ಸದಸ್ಯ: ವಿಂಡೋಸ್ 11 ಬಂದಮೇಲೇ ಇದೆಲ್ಲ ಶುರುವಾಗಿದ್ದು. 10 ಇದ್ದಾಗ ಆರಾಮಾಗಿತ್ತು.

ಬೋಗಾದಿಯ ಸದಸ್ಯ: ಎರಡೂ ಬೇಡ, ಲಿನಕ್ಸ್ ಹಾಕಿ. ನನ್ನದು ನಾಲ್ಕು ವರ್ಷದಿಂದ ಒಂದು ಸಲವೂ ಬಿದ್ದಿಲ್ಲ.

ಹೆಬ್ಬಾಳದ ಸದಸ್ಯ: ಅದರಲ್ಲಿ ಟ್ಯಾಲಿ ಓಡಿಸಿ ತೋರಿಸಿ, ಆಮೇಲೆ ಮಾತಾಡೋಣ.

ಬೋಗಾದಿಯ ಸದಸ್ಯ: ಎಲ್ಲರೂ ಟ್ಯಾಲಿ ಬಳಸುತ್ತಾರಾ? ಫಾರ್ಮ್ಯಾಟ್ ಬಿಟ್ಟು ಬೇರೆ ಗೊತ್ತಿಲ್ಲದವರು ಸುಮ್ನಿರಬೇಕು.

ಹೆಬ್ಬಾಳದ ಸದಸ್ಯ: ಯಾರಿಗೆ ಹೇಳ್ತಿದ್ದೀರಿ ಅದು?

ರಿಪೇರಿಯವರು: ಇಬ್ಬರೂ ನಿಲ್ಲಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನು ರ‍್ಯಾಮ್ ಕೆಟ್ಟಿದ್ದರೆ ಲಿನಕ್ಸೂ ಬೀಳುತ್ತದೆ.

ಮಂಡ್ಯದ ವಿದ್ಯಾರ್ಥಿನಿ: ಅಣ್ಣಾ, ಟಚ್‌ಪ್ಯಾಡ್ ಒಂದು ತಿಂಗಳಿಂದ ಗಟ್ಟಿಯಾಗಿದೆ, ಒತ್ತಿದರೂ ಕ್ಲಿಕ್ ಆಗಲ್ಲ. ಮೌಸ್ ಹಾಕಿಕೊಂಡಿದ್ದೆ. ನೀವು ಹೇಳಿದ ಮೇಲೆ ನೋಡಿದೆ, ಮೇಜಿನ ಮೇಲೆ ಅಲುಗಾಡುತ್ತೆ. ಕೆಳಗಿನ ಮುಚ್ಚಳ ನಡುವೆ ಉಬ್ಬಿದ ಹಾಗಿದೆ. ಈಗ ಚಾರ್ಜ್‌ಗೆ ಹಾಕಿದ್ದೇನೆ.

ರಿಪೇರಿಯವರು: ಚಾರ್ಜರ್ ಈಗಲೇ ಕಿತ್ತುಬಿಡು. ಶಟ್‌ಡೌನ್ ಮಾಡು. ಆಮೇಲೆ ಮುಂದಿನದು ಓದು.

ಬ್ಯಾಟರಿ ಊದಿಕೊಂಡಿದೆ. ಒಳಗೆ ಗ್ಯಾಸ್ ತುಂಬಿ, ಟಚ್‌ಪ್ಯಾಡನ್ನು ಕೆಳಗಿಂದ ಮೇಲಕ್ಕೆ ತಳ್ಳುತ್ತಿದೆ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ಬ್ಯಾಟರಿ ಪಕ್ಕದಲ್ಲೇ ಇರುತ್ತದೆ. ಬಾಡಿ ಬಾಗಿದರೆ ಅದು ಸ್ಲಾಟ್‌ನಲ್ಲಿ ಸಡಿಲವಾಗಬಹುದು. ನೀಲಿ ಸ್ಕ್ರೀನ್ ಬರುತ್ತಿರುವುದು ಅದರಿಂದ ಅಂತ ನನ್ನ ಅಂದಾಜು, ಬಿಚ್ಚಿದರೆ ಗೊತ್ತಾಗುತ್ತದೆ. ಆದರೆ ಈಗ ನನಗೆ ಚಿಂತೆ ಇರುವುದು ಸ್ಕ್ರೀನ್ ಬಗ್ಗೆ ಅಲ್ಲ, ಬ್ಯಾಟರಿ ಬಗ್ಗೆ. ಹಾಸಿಗೆ, ದಿಂಬು, ಪುಸ್ತಕದ ಪಕ್ಕ ಇಡಬೇಡ. ಸಿಮೆಂಟ್ ನೆಲದ ಮೇಲೆ ಇಡು. ಮುಚ್ಚಳ ಒತ್ತಿ ಕೂರಿಸಲು ಹೋಗಬೇಡ. ಮೈಸೂರಿಗೂ ತರಬೇಡ, ರೈಲಿನ ರಶ್ಶಿನಲ್ಲಿ ಬ್ಯಾಗ್ ಒತ್ತಿಕೊಳ್ಳುತ್ತದೆ. ಮಂಡ್ಯದಲ್ಲೇ ಹತ್ತಿರದ ಅಂಗಡಿಯವರಿಂದ ಇವತ್ತೇ ಬ್ಯಾಟರಿ ತೆಗೆಸು.

ಹೋಗುವ ಮುಂಚೆ ಫೋನ್‌ನಲ್ಲಿ ನಿನ್ನ ಮೈಕ್ರೋಸಾಫ್ಟ್ ಅಕೌಂಟ್ ತೆರೆದು ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಇದೆಯಾ ನೋಡು. 48 ಅಂಕಿ ಇರುತ್ತದೆ. ಕಾಗದದ ಮೇಲೆ ಬರೆದುಕೋ. ಎಸ್‌ಎಸ್‌ಡಿ ಲಾಕ್ ಆಗಿದ್ದರೆ, ಬೇರೆ ಕಂಪ್ಯೂಟರ್‌ಗೆ ಹಾಕಿದಾಗ ಅದಿಲ್ಲದೆ ನಿನ್ನ ಪ್ರಾಜೆಕ್ಟ್ ತೆರೆಯುವುದಿಲ್ಲ.

ಸರಸ್ವತಿಪುರಂನ ಹಿರಿಯ ಸದಸ್ಯ: ಊದಿದ ಬ್ಯಾಟರಿಯನ್ನು ಕವರ್‌ನಲ್ಲಿ ಸುತ್ತಿ ಫ್ರಿಜ್‌ನಲ್ಲಿ ಒಂದು ರಾತ್ರಿ ಇಟ್ಟರೆ ಇಳಿಯುತ್ತದೆ. ಸೂಜಿಯಿಂದ ಸಣ್ಣ ತೂತು ಮಾಡಿದರೂ ಗ್ಯಾಸ್ ಹೋಗುತ್ತದಂತೆ. (ಫಾರ್ವರ್ಡ್ ಆಗಿ ಬಂದದ್ದು)

ರಿಪೇರಿಯವರು: ಯಾರೂ ಇದನ್ನು ಮಾಡಬೇಡಿ. ತೂತು ಮಾಡಿದರೆ ಒಳಗೆ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಫ್ರಿಜ್‌ನಲ್ಲಿಟ್ಟರೆ ಕೆಟ್ಟ ಬ್ಯಾಟರಿ ಒಳ್ಳೆಯದಾಗುವುದಿಲ್ಲ. ಸರ್, ನಿಮ್ಮ ಮೇಲೆ ಗೌರವ ಇದೆ. ಆದರೆ ಒಂದು ಹುಡುಗಿ ಬ್ಯಾಟರಿ ಎದುರಿಗೆ ಇಟ್ಟುಕೊಂಡು ಇದನ್ನು ಓದುತ್ತಿದ್ದಾಳೆ. ಗೊತ್ತಿಲ್ಲದ್ದನ್ನು ಕಳಿಸಬೇಡಿ. ಅಡ್ಮಿನ್, ತೆಗೆಯಿರಿ.

ಸರಸ್ವತಿಪುರಂನ ಹಿರಿಯ ಸದಸ್ಯ: ಒಳ್ಳೆಯದಾಗಲಿ ಅಂತ ಹಾಕಿದೆ. ಇಷ್ಟು ಖಾರವಾಗಿ ಹೇಳಬೇಕಿರಲಿಲ್ಲ.

ಬೋಗಾದಿಯ ಸದಸ್ಯ: ಖಾರ ಏನಿಲ್ಲ, ಸರಿಯಾಗೇ ಹೇಳಿದ್ದಾರೆ.

ಹೆಬ್ಬಾಳದ ಸದಸ್ಯ: ಅಂಗಡಿಯವರು ಯಾವತ್ತಿದ್ದರೂ ‘ಬದಲಾಯಿಸಿ’ ಅಂತಲೇ ಹೇಳುವುದು.

ರಿಪೇರಿಯವರು: ನನ್ನ ಅಂಗಡಿಗೆ ತರಬೇಡ ಅಂತ ಮೇಲೆ ಬರೆದಿದ್ದೇನೆ. ಓದಿ.

ಶ್ರೀರಂಗಪಟ್ಟಣದ ಸದಸ್ಯ: ಸರ್, ನನ್ನದು?

ರಿಪೇರಿಯವರು: ಕೋಡ್ ಹಾಕಿ ಅಂತ ಆಗಲೇ ಕೇಳಿದ್ದೆ.

ಜಯಲಕ್ಷ್ಮಿಪುರಂನ ಸದಸ್ಯೆ: ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ 18,000ಕ್ಕೆ ಸಿಗುತ್ತಿದೆ. ತಗೊಳ್ಳಬಹುದಾ?

ಮದ್ದೂರಿನ ಸದಸ್ಯ: ನನ್ನದು ನೀಲಿ ಏನೂ ತೋರಿಸದೆ ಗೇಮ್ ಆಡುವಾಗ ಸೀದಾ ಆಫ್ ಆಗುತ್ತೆ.

ರಿಪೇರಿಯವರು: ಬಿಸಿ ಇರಬೇಕು. ಫ್ಯಾನ್ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹಾಕಿಸಿ.

ಮಂಡ್ಯದ ವಿದ್ಯಾರ್ಥಿನಿ: ಅಣ್ಣಾ, ಅಂಗಡಿಯಿಂದ ಬರೆಯುತ್ತಿದ್ದೇನೆ. ಮುಚ್ಚಳ ತೆಗೆದ ತಕ್ಷಣ ಬ್ಯಾಟರಿ ದಿಂಬಿನ ಹಾಗೆ ಎದ್ದು ನಿಂತಿತು. ಎಸ್‌ಎಸ್‌ಡಿ ಒಂದು ಕಡೆ ಎದ್ದಿತ್ತು, ಸ್ಕ್ರೂ ಸಡಿಲ. ಅದನ್ನು ಬೇರೆ ಕಂಪ್ಯೂಟರ್‌ಗೆ ಹಾಕಿದರು, ಕೀ ಕೇಳಿತು, ಕೊಟ್ಟೆ. ಪ್ರಾಜೆಕ್ಟ್ ಪೂರ್ತಿ ಕಾಪಿ ಆಯಿತು. ಡಿಸ್ಕ್‌ನ ತಪ್ಪು ಹುಡುಕಲು ಚೆಕ್‌ಡಿಸ್ಕ್ ಮಾಡೋಣ ಅನ್ನುತ್ತಿದ್ದಾರೆ.

ರಿಪೇರಿಯವರು: ಬಹಳ ಸಂತೋಷ ಅಮ್ಮ. ಕಾಪಿಯನ್ನು ಒಂದು ಸಲ ತೆರೆದು ನೋಡು, ಗೂಗಲ್ ಡ್ರೈವ್‌ಗೂ ಹಾಕು. ಅದಾದ ಮೇಲೆ ಬೇಕಾದರೆ ಚೆಕ್‌ಡಿಸ್ಕ್. ಎಸ್‌ಎಸ್‌ಡಿ ಸರಿಯಾಗಿ ಕೂರಿಸಿ, ಸ್ಕ್ರೂ ಬಿಗಿ ಮಾಡಿಸಿ, ಬ್ಯಾಟರಿ ಇಲ್ಲದೆ ಬರೀ ಚಾರ್ಜರ್‌ನಲ್ಲಿ ಒಂದು ವಾರ ಓಡಿಸು. ಹೆಚ್ಚಿನ ಲ್ಯಾಪ್‌ಟಾಪ್‌ಗಳು ಹಾಗೆ ಓಡುತ್ತವೆ. ಕರೆಂಟ್ ಹೋದರೆ ಅದೂ ಆಫ್ ಆಗುತ್ತದೆ, ಆಗಾಗ ಸೇವ್ ಮಾಡುತ್ತಿರು. ಮತ್ತೆ ನೀಲಿ ಬಂದರೆ ಎಸ್‌ಎಸ್‌ಡಿ ಬದಲಾಯಿಸಬೇಕಾಗಬಹುದು, ಆಗ ಕೋಡ್ ಕಳಿಸು. ಹಳೆ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡ, ಮನೆಗೂ ತರಬೇಡ. ಒಣ ಮರಳು ಹಾಕಿದ ತಗಡಿನ ಡಬ್ಬದಲ್ಲಿ, ಹೊರಗಡೆ ನೆರಳಿನಲ್ಲಿ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಲು ಆ ಅಂಗಡಿಯವರಿಗೇ ಹೇಳು.